ಅತ್ತೆಯ ಒದೆತ ಮತ್ತು ಆಸ್ಟಿಯೋಪತಿ

೧೨ ನವೆಂಬರ್, ಬುಧವಾರ

ಎಡಗಾಲಿನ ಹೆಬ್ಬೆರಳು ಇನ್ನೂ ಜುಮ್ಮೆನ್ನುತ್ತಿದೆ. ಕವಿತೆಯ ಪುಸ್ತಕ ತೆರೆದೆ, ಒಂದು ಸಾಲೂ ಒಳಗಿಳಿಯಲಿಲ್ಲ.

ಆಸ್ಟಿಯೋಪತಿ ಎಂದರೆ ಮೂಳೆಯನ್ನು ಟಕ್ಕೆನ್ನಿಸಿ ಕೂರಿಸುವುದು ಎಂದುಕೊಂಡೇ ಇಂದು ಸೊಂಟನೋವಿಗೆ ಕುವೆಂಪುನಗರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಚಿಕಿತ್ಸೆ ಕೊಡುವ ಭವ್ಯಶ್ರೀ ಮೊದಲು ನೋವು, ನಿದ್ದೆ, ಹಳೆಯ ಪೆಟ್ಟು ಎಲ್ಲ ವಿಚಾರಿಸಿದರು. ನಿಲ್ಲಿಸಿ, ಬಗ್ಗಿಸಿ ನೋಡಿದರು. ಬೆನ್ನುದ್ದಕ್ಕೂ ಬೆರಳಿಟ್ಟು ಬಿಗಿತ ಹುಡುಕಿದರು. ಮೃದುವಾಗಿ ಒತ್ತಿ, ಎಳೆದು ಸಡಿಲಿಸುವುದೇ ಹೆಚ್ಚು, ಆಮೇಲೆ ಒಂದೆರಡು ದಿನ ಮೈ ನೋಯಬಹುದು ಎಂದರು.

"ಮನೇಲಿ ಏನಾದ್ರೂ ಮಾಡಿಸಿದ್ರಾ?" ಎಂದು ಕೇಳಿದರು.

ಪಕ್ಕದಲ್ಲಿದ್ದ ಅತ್ತೆಯೇ ಹೆಮ್ಮೆಯಿಂದ ಹೇಳಿದರು: "ನಾನು ಕಾಲು ಮುಂದಾಗಿ ಹುಟ್ಟಿದೋಳು ಕಣಮ್ಮ, ಅಂಥೋರು ಒದ್ರೆ ಉಳುಕು ಬುಡ್ತದೆ. ಭಾನುವಾರ ಇವಳ ಸೊಂಟಕ್ಕೆ ಮೂರು ಸಲ ಒದ್ದೆ. ಉಳುಕಾಗಿದ್ರೆ ಬುಟ್ಟೋಗ್ಬೇಕಿತ್ತು."

ಜುಮ್ಮೆನ್ನಲು ಶುರುವಾದದ್ದು ಸೋಮವಾರ ಎಂದು ನಾನು ಹೇಳಿದೆ. ಭವ್ಯಶ್ರೀ ಕೈ ತೆಗೆದರು. "ಸ್ಕ್ಯಾನ್ ನೋಡ್ದೆ ನಾನು ಮುಟ್ಟಲ್ಲ ಮೇಡಂ. ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಸೀದಾ ಆಸ್ಪತ್ರೆಗೆ ಹೋಗಿ."

ಒದ್ದದ್ದರಿಂದಲೇ ಎಂದು ಅವರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಆಟೋದಲ್ಲಿ ಅತ್ತೆ ಪಾದವನ್ನು ಸೀರೆಯಂಚಿನೊಳಗೆ ಎಳೆದುಕೊಂಡು ಕೂತಿದ್ದರು. "ನಿಮ್ಮಿಂದಲ್ಲ ಬಿಡಿ ಅತ್ತೆ" ಎಂದೆ. ನನಗೇ ನಂಬಿಕೆಯಿರಲಿಲ್ಲ.

ಸಂಜೆ ಎದುರುಮನೆಯ ಮಹದೇವಯ್ಯ ಸೊಂಟ ಹಿಡಿದುಕೊಂಡು ಬಂದರು. "ಎಲ್ಲಿ ಸುಮಿತ್ರಮ್ಮ, ನಂಗೂ ಒಂದು ಒದ್ಬುಡಿ!"

ಅತ್ತೆ ಎದ್ದು ನಿಂತು, ಮತ್ತೆ ಕೂತರು. "ಬ್ಯಾಡ ಕಣ್ರೀ. ಡಾಕ್ಟ್ರಿಗೆ ತೋರಿಸ್ಕೊಳ್ಳಿ."

ಆಮೇಲೆ ಊಟಕ್ಕೂ ಏಳಲಿಲ್ಲ. ನಾಳೆ ಸ್ಕ್ಯಾನಿನಲ್ಲಿ ಕೆಟ್ಟದ್ದು ಬಂದರೆ, ನನ್ನ ಕಾಲಿನ ಮಾತು ಆಮೇಲಿರಲಿ, ಇವರಿಗೆ ಮೊದಲು ಏನು ಹೇಳುವುದು...