ಬೂದುಕೊಕ್ಕರೆಯನ್ನು ಕೊಡುವುದಿಲ್ಲ

ಮಾರ್ಚ್ 5, ಮಂಗಳವಾರ, ಬೆಳಿಗ್ಗೆ 6.50

ಹಲ್ಲುಜ್ಜುವ ಮೊದಲೇ ಇಪ್ಪತ್ತೆರಡು ಹೆಜ್ಜೆ ಮುಗಿಸಿದೆ. ಬೇರು ಒಂಬತ್ತು, ಜಿಗಣೆ ನಾಲ್ಕು. ದಿನಕ್ಕೆ ನಲವತ್ತೇ ಹೆಜ್ಜೆ, ಅಷ್ಟರಲ್ಲೇ ಬದುಕಬೇಕು — ಕೆಸರುನಾಡು ಆಟದ ನಿಯಮ. ಅದರಲ್ಲಿ ನನ್ನ ಪಾತ್ರ ಬೂದುಕೊಕ್ಕರೆ; ಹಾಗೇ ಹದಿನಾರು ವರ್ಷ ಬದುಕಿದ್ದಾಳೆ. ಆಮೇಲಿನ ಆರು ಹೆಜ್ಜೆ ಲೋಹಗಾಲನಿಗೆ ಹೋಯಿತು. ಮತ್ತೆ ಜೌಗಿನಲ್ಲಿ ಬಿದ್ದಿದ್ದ, ಕೊಡಲಿ ಸಮೇತ. ಮುಲಾಮು ಹಚ್ಚಿ ಎಬ್ಬಿಸಿದೆ.

ಬಾತ್‌ರೂಮಿನಿಂದ ದನಿ. "ಥ್ಯಾಂಕ್ಸ್ ಡಾಕ್ಟ್ರೇ, ಜೀವ ಬಂತು."

ಲೋಹಗಾಲ ಗಡ್ಡ ಹೆರೆಯುತ್ತಿದ್ದ. ಫೋಲ್ಕರ್ಟ್. ನನ್ನ ಗಂಡ. ಗಂಡ, ಗಂಡ, ಗಂಡ... ಹನ್ನೊಂದು ದಿನವಾದರೂ ಈ ಪದ ಬರೆಯುವಾಗ ಕಾಲು ನೆಲಕ್ಕೆ ತಾಗುವುದಿಲ್ಲ. ಒಂಬತ್ತು ವರ್ಷ ಅವನು ಎಮ್ಡನ್‌ನಲ್ಲಿ ಕೂತು ಬೀಳುತ್ತಿದ್ದ, ನಾನು ಇಲ್ಲಿ ಲೇರ್‌ನಲ್ಲಿ ಕೂತು ಎಬ್ಬಿಸುತ್ತಿದ್ದೆ. ಶನಿವಾರ ಎಂಟು ಪೆಟ್ಟಿಗೆ, ಒಂದು ಸೈಕಲ್ ಹೊತ್ತು ನನ್ನ ಮನೆಗೇ ಬಂದುಬಿಟ್ಟ. ವೈಫೈ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ರಿಬ್ಬನ್ ಕಟ್ಟಿ ಕೊಟ್ಟೆ. ಹುಚ್ಚು. ಇರಲಿ.

ಅದೇ ದಿನ, ಮಧ್ಯಾಹ್ನ

ಲ್ಯಾಬಿನಲ್ಲಿದ್ದೇನೆ. ಹಲ್ಲಿನ ಅಚ್ಚು ಗಟ್ಟಿಯಾಗಲು ಇನ್ನೂ ಹತ್ತು ನಿಮಿಷ ಬೇಕು. ಎಂದಿನಂತೆ ಪುಟ ತೆರೆದರೆ ಇಡೀ ಪುಟ ಬೂದುಬಣ್ಣ.

"ಒಂದೇ ಮನೆಯ ಲೈನಿನಿಂದ ಎರಡು ಪಾತ್ರಗಳು ಬರುತ್ತಿವೆ. ಒಂದು ಇನ್ನೊಂದನ್ನು ಸಾಕುತ್ತಿದೆ. ಒಬ್ಬರೇ ಇಬ್ಬರಾಗಿ ಆಡುವಂತಿಲ್ಲ. ಎರಡನ್ನೂ ತಡೆಹಿಡಿಯಲಾಗಿದೆ. ಹದಿನಾಲ್ಕು ದಿನದಲ್ಲಿ ಒಂದನ್ನು ಅಳಿಸಿ, ಇಲ್ಲವೇ ಇಬ್ಬರೆಂದು ತೋರಿಸಿ. ಎರಡೂ ಆಗದಿದ್ದರೆ ಎರಡೂ ಅಳಿಯುತ್ತವೆ."

ಎರಡು ಊರಿನಿಂದ ಮಾಡಿದಾಗ ಸೇವೆ. ಒಂದೇ ಸೋಫಾದಿಂದ ಮಾಡಿದರೆ ಮೋಸ.

ಫೋಲ್ಕರ್ಟ್‌ಗೆ ಫೋನ್ ಮಾಡಿದೆ. ನಕ್ಕ. "ನಾವಿಬ್ಬರೂ ಒಬ್ಬರೇ ಅಂತ ಕಂಪ್ಯೂಟರಿಗೂ ಗೊತ್ತಾಯ್ತು ನೋಡು." ನಾನೂ ನಕ್ಕೆ. ಆಗ.

ಮಾರ್ಚ್ 7

ಮದುವೆ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಕಳಿಸಿದ್ದೆ, ಜೊತೆಗೆ ಪುರಭವನದ ಮೆಟ್ಟಿಲ ಮೇಲಿನ ಫೋಟೊ. ಆ ಆಟವನ್ನು ಕಾಯುವುದು ಒಬ್ಬರೇ, ಸಂಬಳವಿಲ್ಲದೆ. ಹೆಸರು ತೂಬುಗಾರ, ಗಂಡೋ ಹೆಣ್ಣೋ ಇಷ್ಟು ವರ್ಷದಲ್ಲಿ ಯಾರಿಗೂ ಗೊತ್ತಿಲ್ಲ. ಉತ್ತರ ಬಂತು.

"ಶುಭಾಶಯ. ಇಪ್ಪತ್ತು ವರ್ಷದಲ್ಲಿ ನನಗೆ ನಾನೂರು ಜನ ಹೆಂಡತಿಯರನ್ನು ತೋರಿಸಿದ್ದಾರೆ. ಅರ್ಧಕ್ಕರ್ಧ ಹೆಂಡತಿಯರು ಗಂಡನ ಎಡಗೈ ಆಗಿದ್ದರು. ನೀವು ಮದುವೆಯಾಗಿರುವುದು ಗೊತ್ತಾಯಿತು. ಇಬ್ಬರೂ ಆಡುತ್ತೀರೆಂದು ಗೊತ್ತಾಗಲಿಲ್ಲ. ಗೊತ್ತಾದರೂ ಒಂದು ಮಾತು: ಒಂದೇ ಮನೆಯಲ್ಲಿರುವವರೆಗೆ ಒಬ್ಬರನ್ನೊಬ್ಬರು ಎಬ್ಬಿಸುವಂತಿಲ್ಲ, ಏನನ್ನೂ ಕೊಡುವಂತಿಲ್ಲ, ಒಂದೇ ತಂಡದಲ್ಲಿ ಇರುವಂತಿಲ್ಲ."

ಸಿಟ್ಟೂ ಬಂತು, ಗೌರವವೂ ಬಂತು.

ಮಾರ್ಚ್ 10, ಭಾನುವಾರ

ಅತ್ತೆ ಆಲ್ಮುಟ್ ಮನೆಯಲ್ಲಿ ಚಹಾ. ಕಲ್ಲುಸಕ್ಕರೆ, ಕೆನೆ, ಕಲಕಬಾರದು. ಮೂರು ಕಪ್ ಆಗದೆ ಆ ಮೇಜಿನಿಂದ ಯಾರೂ ಎದ್ದದ್ದಿಲ್ಲ.

"ಏನಮ್ಮ ಇನ್ಸಾ, ಮುಖ ಯಾಕೆ ಹಾಗಿದೆ? ಹನಿಮೂನ್ ಮುಗೀತಾ?"

ಫೋಲ್ಕರ್ಟ್ ಹೇಳಿದ. ಎಲ್ಲವನ್ನೂ, ತಮಾಷೆಯಾಗಿ.

"ಇಷ್ಟೇನಾ? ಒಂದನ್ನ ಅಳಿಸಿ ಬಿಸಾಕಿ," ಎಂದರು ಆಲ್ಮುಟ್. "ಮದುವೆ ಆದ್ಮೇಲೂ ಇಬ್ಬಿಬ್ಬರು ಕೂತು ಕಪ್ಪೆ ಹಿಡಿಯೋದು ಯಾತಕ್ಕೆ?"

"ಜಿಗಣೆ," ಎಂದೆ.

"ಅದೇ. ಗಂಡನ ಜಿಗಣೆ ಇದೆಯಲ್ಲ, ಸಾಲದಾ?"

"ನಾನೂ ಅದನ್ನೇ ಅಂದ್ಕೊಂಡೆ," ಎಂದ ನನ್ನ ಗಂಡ. "ನಿಂದು ಇನ್ನೂರ ಹನ್ನೆರಡನೇ ಲೆವೆಲ್, ನಂದು ಮುನ್ನೂರ ನಲವತ್ತು. ನಿಂದನ್ನ ಬಿಟ್ಬಿಡೋಣ. ಲೋಹಗಾಲನನ್ನೇ ಇಬ್ಬರೂ ಆಡೋಣ ಇನ್ಸಾ. ಬೆಳಿಗ್ಗೆ ಇಪ್ಪತ್ತು ಹೆಜ್ಜೆ ನಿಂಗೆ."

ಇಪ್ಪತ್ತು ಹೆಜ್ಜೆ ನನಗೆ. ಅವನ ಕೊಡಲಿ ಹಿಡಿದುಕೊಂಡು.

ಮೊದಲ ಕಪ್ಪಿಗೇ ಚಮಚವನ್ನು ಒಳಗಿಟ್ಟೆ. ಸಾಕು ಎಂದರ್ಥ. ಆಲ್ಮುಟ್ ಆ ಚಮಚವನ್ನೇ ನೋಡಿದರು. ಕೆಟಲ್ ಕೆಳಗಿಟ್ಟರು.

ಮಾರ್ಚ್ 11

ಮದುವೆಯ ದಿನ ಅವನ ಮನೆತನದ ಹೆಸರು ತೆಗೆದುಕೊಂಡೆ. ಯಾರೂ ಒತ್ತಾಯ ಮಾಡಲಿಲ್ಲ, ನಗುತ್ತಲೇ ಸಹಿ ಹಾಕಿದೆ, ಇವತ್ತೂ ಬೇಜಾರಿಲ್ಲ. ನನ್ನ ಬಟ್ಟೆ ಬೀರುವಿನಲ್ಲಿ ಅರ್ಧ ಕೊಟ್ಟಿದ್ದೇನೆ. ಕಿಟಕಿ ಪಕ್ಕದ ಹಾಸಿಗೆಯ ಬದಿ ಕೊಟ್ಟಿದ್ದೇನೆ. ಬೂದುಕೊಕ್ಕರೆಯನ್ನು ಕೊಡುವುದಿಲ್ಲ.

ಹದಿನೈದು ವರ್ಷದವಳಿದ್ದಾಗ ಮಾಡಿದ ಪಾತ್ರ. ಎಲ್ಲ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಶಾಲೆಯ ಮೂಲೆ ಕಂಪ್ಯೂಟರಿನಲ್ಲಿ, ಭೂಗೋಳದ ಕ್ಲಾಸಿನ ಹೊತ್ತು. ಏನನ್ನೂ ಡೌನ್‌ಲೋಡ್ ಮಾಡಬೇಕಿರಲಿಲ್ಲ. ಒಂದು ಪುಟ, ನಾಲ್ಕು ಸಾಲು ಬರಹ, ಹೆಬ್ಬೆರಳಿನಷ್ಟು ಚಿತ್ರ. ಇವತ್ತಿಗೂ ಅಷ್ಟೇ. ನನ್ನ ಜೊತೆ ಕೆಲಸ ಮಾಡುವವರು ಕಣ್ಣಿಗೆ ಕಂಡ ಹೊಳೆಯುವ ಆಟಗಳನ್ನೆಲ್ಲ ಕೊಂಡು, ಒಂದು ಚಳಿಗಾಲ ಆಡಿ, ಮರೆತುಬಿಟ್ಟರು. ಕೆಸರುನಾಡಿನಲ್ಲಿ ನಾನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗಲೂ ಇದ್ದೆ, ಮೊದಲ ಕೆಲಸ ಹೋದ ದಿನವೂ ಇದ್ದೆ. ನಾಲ್ಕು ಸಾಲಿನ ಬರಹ ಸಾಕು, ಜೌಗಿನ ವಾಸನೆ ನನಗೆ ನಾನೇ ತಂದುಕೊಳ್ಳುತ್ತೇನೆ.

ಬೂದುಕೊಕ್ಕರೆ ಇಲ್ಲಿಯವರೆಗೆ ಎಬ್ಬಿಸಿದವರು: 31,406. ಪುಟದ ಮೇಲೇ ಇದೆ. ಲೆವೆಲ್ ಅಂತೆ ಲೆವೆಲ್.

ಮಾರ್ಚ್ 14, ಗುರುವಾರ

ತೂಬುಗಾರನಿಂದ ಇಬ್ಬರಿಗೂ ಒಂದೇ ಪತ್ರ. "ಲೋಹಗಾಲನ ಕೋರಿಕೆಯಂತೆ ಬೂದುಕೊಕ್ಕರೆಯನ್ನು ನಾಳೆ ಸಂಜೆ ಅಳಿಸಲಾಗುವುದು. ಆಕ್ಷೇಪವಿದ್ದರೆ ಬರೆಯಿರಿ."

ಎರಡು ಸಲ ಓದಿದೆ. ಬುಧವಾರ ಬರೆದಿದ್ದಾನೆ. ನನ್ನ ಪಕ್ಕದಲ್ಲೇ ಕೂತು, ಬ್ರೆಡ್ ತಿನ್ನುತ್ತಾ.

"ಐದು ದಿನ ಉಳಿದಿತ್ತು ಇನ್ಸಾ. ಸುಮ್ಮನಿದ್ದರೆ ಎರಡೂ ಹೋಗ್ತಿತ್ತು. ಒಂದಾದ್ರೂ ಉಳೀಲಿ ಅಂತ..."

"ಹಾಗಾದ್ರೆ ನಿಂದನ್ನ ಅಳಿಸು ಅಂತ ಬರೀಬೇಕಿತ್ತು."

"ನಂದು ದೊಡ್ಡದಲ್ವಾ?"

"ಕೇಳಬೇಕಿತ್ತಲ್ವಾ?"

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ."

"ಹ್ಞಾಂ. ಅದಕ್ಕೇ ಕೇಳೋದು."

ಅವನ ಕಿವಿ ಕೆಂಪಾಗಿತ್ತು. ಒಳ್ಳೆಯವನು ಎಂದು ಗೊತ್ತು, ಅದೇ ಇನ್ನೂ ಕಷ್ಟ.

ಊಟ ಬಿಟ್ಟು ಬರೆಯಲು ಕೂತೆ. ಮೂರು ಪುಟ. ಆ ಮನುಷ್ಯ ನನ್ನ ಗಂಡ, ಒಳ್ಳೆಯ ಗಂಡ, ಆದರೆ ನನ್ನ ಪರವಾಗಿ ಅವನು ಹಾಕಿದ ಸಹಿ ನಡೆಯುವುದಿಲ್ಲ ಎಂದು ಬರೆದೆ. ಲೋಹಗಾಲ ಮುನ್ನೂರ ನಲವತ್ತು ಲೆವೆಲ್ ಏರಿದ್ದು ಪ್ರತಿ ಸಲ ನಾನು ಎಬ್ಬಿಸಿದ್ದರಿಂದ ಎಂದು ಬರೆದೆ. ಎಬ್ಬಿಸುವಂತಿಲ್ಲ ಎಂಬ ನಿಮ್ಮ ನಿಯಮ ಒಪ್ಪಿದೆ, ತಂಡವನ್ನೂ ನಾನೇ ಬಿಡುತ್ತೇನೆ, ಆದರೆ ಅಳಿಸಿದರೆ ಮರುದಿನ ಬೆಳಿಗ್ಗೆ ಒಂದನೇ ಲೆವೆಲಿನಿಂದ ಅದೇ ಹೆಸರಿನಲ್ಲಿ, ಇದೇ ಲೈನಿನಿಂದ ಬರುತ್ತೇನೆ. ನೀವು ಮತ್ತೆ ಅಳಿಸಿ, ನಾನು ಮತ್ತೆ ಬರುತ್ತೇನೆ, ಯಾರಿಗೆ ಮೊದಲು ಬೇಸರವಾಗುತ್ತದೋ ನೋಡೋಣ ಎಂದೂ ಬರೆದೆ.

ಓದಿ ನೋಡದೆ ಕಳಿಸಿದೆ.

ಮಾರ್ಚ್ 15, ಸಂಜೆ

ಪುಟ ಇನ್ನೂ ಬೂದು. ಉತ್ತರವಿಲ್ಲ. ಫೋಲ್ಕರ್ಟ್ ಹೊಗೆಮೀನು ತಂದ, ನನಗಿಷ್ಟವೆಂದು. ತಿಂದೆ. ಥ್ಯಾಂಕ್ಸ್ ಹೇಳಲಿಲ್ಲ. ಅವನೂ ಒಂದು ಪತ್ರ ಬರೆದನಂತೆ — ಕೋರಿಕೆ ವಾಪಸ್, ಅಳಿಸುವುದಾದರೆ ಲೋಹಗಾಲನನ್ನು ಅಳಿಸಿ ಎಂದು. ತೋರಿಸಲು ಬಂದ. ಕಣ್ಣೆತ್ತಲಿಲ್ಲ.

ಮಾರ್ಚ್ 16, ಶನಿವಾರ

ತೂಬುಗಾರನ ಉತ್ತರವನ್ನು ಹಾಗೇ ಇಳಿಸಿಕೊಳ್ಳುತ್ತೇನೆ.

"ಒಬ್ಬರೇ ಇಬ್ಬರಾಗಿ ಆಡುವವರನ್ನು ಬಹಳ ನೋಡಿದ್ದೇನೆ. ಯಾವುದನ್ನು ಅಳಿಸಬೇಕು ಎಂದು ಕೇಳಿದರೆ ಎರಡೂ ಪಾತ್ರಗಳಿಂದ ಒಂದೇ ಉತ್ತರ ಬರುತ್ತದೆ, ಸಾಮಾನ್ಯವಾಗಿ ಐದೇ ನಿಮಿಷದಲ್ಲಿ. ಕೊಡಲಿಯವನನ್ನು ಉಳಿಸಿಕೊಂಡು ಎಬ್ಬಿಸುವವಳನ್ನು ಅಳಿಸುತ್ತಾರೆ. ನಿಮ್ಮಿಂದ ನನಗೆ ಮೂರು ಉತ್ತರ ಬಂದಿದೆ, ಮೂರೂ ಬೇರೆ. ಇಷ್ಟು ಜಗಳವನ್ನು ಒಬ್ಬರೇ ಆಡಲಾರರು. ಇಬ್ಬರೆಂದು ಒಪ್ಪಿದ್ದೇನೆ. ನಿಯಮ ನೆನಪಿರಲಿ."

ಫೋಲ್ಕರ್ಟ್‌ಗೆ ಜೋರಾಗಿ ಓದಿ ಹೇಳಿದೆ. ಕೊನೆಗೆ ಬರುವಷ್ಟರಲ್ಲಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನಗುತ್ತಿದ್ದೆವು.

"ತಪ್ಪಾಯ್ತು," ಎಂದ, ನಗು ನಿಂತ ಮೇಲೆ.

"ಹೂಂ. ಆಯ್ತು."

"ಲ್ಯಾಬಿನ ಲೈನಿಂದ ಎಬ್ಬಿಸಿದ್ರೆ ಯಾರಿಗ್ಗೊತ್ತಾಗುತ್ತೆ?"

"ನಂಗೆ."

ಮಾರ್ಚ್ 17, ಭಾನುವಾರ, ಬೆಳಿಗ್ಗೆ 9.20

ಹಳೆಯ ತಂಡ ಬಿಟ್ಟೆ. ಅದರ ಎದುರಾಳಿ, ಆಚೆ ದಡದ ತಂಡಕ್ಕೆ ಅರ್ಜಿ ಹಾಕಿದೆ. ಅವರಿಗೆ ಎರಡು ವರ್ಷದಿಂದ ಎಬ್ಬಿಸುವವರೇ ಇರಲಿಲ್ಲ, ಮೂರು ನಿಮಿಷದಲ್ಲಿ ಬಾಗಿಲು ತೆರೆದರು. ಅದೇನು ಲೋಹಗಾಲನ ಹಾವಳಿ, ಯಪ್ಪಾ, ಎಂದು ಒಬ್ಬ ಬರೆದ. ಗೊತ್ತು ಎಂದು ಬರೆದೆ.

ಸೋಫಾದ ಆ ತುದಿಯಲ್ಲಿ ಫೋಲ್ಕರ್ಟ್, ಈ ತುದಿಯಲ್ಲಿ ನಾನು. ನನ್ನ ಪಾದ ಅವನ ತೊಡೆಯ ಮೇಲೆ.

"ಅಂದ್ರೆ ನಾನು ಕೆಡವಿದವರನ್ನ ನೀನು ಎಬ್ಬಿಸ್ತೀಯಾ?"

"ಹೂಂ."

"ಮತ್ತೆ ಕೆಡವಿದ್ರೆ?"

"ಮತ್ತೆ."

"ನಿಂಗಿರೋದು ನಲವತ್ತೇ ಹೆಜ್ಜೆ ಕಣೇ."

"ನಿಂಗೂ ಅಷ್ಟೇ ಕಣೋ."

ತಲೆ ಕೆರೆದುಕೊಂಡ. ಎಷ್ಟು ಮುದ್ದಾಗಿದ್ದಾನೆ, ಬಿಡುವುದಿಲ್ಲ ಇವನನ್ನು. ಅದೋ, ಕೊಡಲಿ ತೆಗೆದ. ಹಳೆಯ ತೂಬಿನ ಬಳಿ ನಮ್ಮವನೊಬ್ಬ ಬಿದ್ದ, ನಿನ್ನೆ ಸೇರಿದ ಹುಡುಗಿ ಅವನ ಪಕ್ಕದಲ್ಲೇ. ನಾನು ಹನ್ನೊಂದು ಹೆಜ್ಜೆ ದೂರ. ಮುಲಾಮು ಇದೆ, ಬೇರು ಅರೆಯಬೇಕು, ಇವನು ಇನ್ನೊಬ್ಬನ ಹಿಂದೆ ಹೊರಟ, ಪೆನ್ನು ಇಡುತ್ತೇನೆ, ಆಮೇಲೆ ಬರೆ