ಹುಣಸೆಹಣ್ಣಿನಲ್ಲಿ ಉಜ್ಜಿದ ರಷ್ಯದ ತಾಮ್ರ

ಅಪ್ಪಾಜಿ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದಾಗಲೂ "ಇದೀನಿ ಕಣವ್ವ" ಎನ್ನುವುದಕ್ಕಿಂತ ಹೆಚ್ಚು ನೀವು ಎಂದೂ ಹೇಳಿದವರಲ್ಲ. ನಾನೂ ಹಾಸನದಲ್ಲಿ ಹಾಗೇ ಇದ್ದೇನೆ. ಬ್ಯಾಂಕಿಗೆ ಹೋಗುತ್ತೇನೆ, ಬರುತ್ತೇನೆ, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತೇನೆ. ನೀವು ಹೋದ ದಿನವೂ ಅಳು ಬರಲಿಲ್ಲ, ಆಮೇಲೂ ಬಂದಿಲ್ಲ. ಊಟ ಮಾಡುತ್ತೇನೆ, ರುಚಿ ಮಾತ್ರ…

ನೀವು ಮೊದಲ ಹಳೇ ನಾಣ್ಯ ತಂದ ದಿನ ನೆನಪಿದೆಯೇ? ಚನ್ನರಾಯಪಟ್ಟಣದ ಸಂತೆಯಲ್ಲಿ ಹಳೇ ಸಾಮಾನು ಹರಡಿಕೊಂಡು ಕೂತಿದ್ದವನೊಬ್ಬ ಮೈಸೂರು ಅರಸರ ಕಾಲದ್ದೆಂದು ಹೇಳಿ ಕೊಟ್ಟಿದ್ದ. ಅಂಗೈ ತುಂಬುವ ದಪ್ಪ ತಾಮ್ರದ ಬಿಲ್ಲೆ, ಮೇಲೆ ಎರಡು ತಲೆಯ ಹಕ್ಕಿ. ಗಂಡಭೇರುಂಡವೇ ಎಂದು ನಂಬಿ ನೀವು ಹೊಳೆನರಸೀಪುರದ ನಮ್ಮ ಪಾತ್ರೆ ಅಂಗಡಿಗೆ ಬಂದವರಿಗೆಲ್ಲ ತೋರಿಸಿ ಮೆರೆದಿರಿ. ಕೊನೆಗೆ ಅರಕಲಗೂಡಿನ ನಿಮ್ಮ ಗೆಳೆಯ, ಡ್ರಾಯಿಂಗ್ ಮೇಷ್ಟ್ರು ರುದ್ರಪ್ಪನವರು, ಭೂತಗನ್ನಡಿ ಹಿಡಿದು ನೋಡಿ, ಈ ಹಕ್ಕಿ ನಮ್ಮದಲ್ಲ, ರಷ್ಯದ್ದು, ಹಿಂದಿರುವ ಅಕ್ಷರ ಅಲ್ಲಿಯ ಮಹಾರಾಣಿಯ ಹೆಸರಿನದು ಎಂದರು. ನಿಮ್ಮ ಮುಖ ಸಪ್ಪಗಾಯಿತು. ಆದರೆ ನೀವು ಅದನ್ನು ಎಸೆದಿರಾ? ಅಷ್ಟು ದೂರದಿಂದ ಬಂದಿದೆ, ಒಂದೇ ಇದ್ದರೆ ಅದಕ್ಕೆ ಬೇಜಾರಾಗುತ್ತದೆ ಎಂದು ಜೊತೆಗೆ ಇನ್ನಷ್ಟು ಹುಡುಕಿಕೊಂಡು ಹೊರಟಿರಿ.

ಅವ್ವನಿಗೂ ನಿಮಗೂ ಜಗಳವೆಂದರೆ ಅದೊಂದೇ. ತಾಮ್ರ ಕಪ್ಪಾಗಿದ್ದರೆ ಮನೆಗೆ ದರಿದ್ರ ಎನ್ನುವವಳು ಅವ್ವ. ಪಾತ್ರೆ ವ್ಯಾಪಾರದವರ ಮನೆ ಬೇರೆ. ಹಬ್ಬ ಬಂತೆಂದರೆ ಹುಣಸೆಹಣ್ಣು, ಉಪ್ಪು ಹಿಡಿದು ನಿಮ್ಮ ನಾಣ್ಯದ ಡಬ್ಬಿಯ ಹತ್ತಿರ ಸುಳಿಯುತ್ತಿದ್ದಳು. ಗಿರಾಕಿಗಳ ಮುಂದೆ ಎಂದೂ ದನಿ ಎತ್ತದ ನೀವು ಆಗ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಿರಿ: "ಮುಟ್ಬ್ಯಾಡ ಕಣೇ. ಆ ಕಪ್ಪು ಬರಕ್ಕೆ ಎಷ್ಟ್ ಕಾಲ ಬೇಕಾಯ್ತು ಗೊತ್ತೇನೇ ನಿಂಗೆ?" ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ನಗುತ್ತಿದ್ದಳೆಂದು ನಿಮಗೆ ಗೊತ್ತಿತ್ತೋ ಇಲ್ಲವೋ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ನನ್ನ ನಂತರ ನಾಣ್ಯಗಳನ್ನೆಲ್ಲ ಮೇಷ್ಟ್ರಿಗೆ ಕೊಡಿ ಎಂದು ನೀವೇ ಹೇಳಿದ್ದಿರಲ್ಲ, ಅದಕ್ಕೇ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಅವ್ವ ಕೂತಿದ್ದಳು. ಮುಂದೆ ಮೊರದ ತುಂಬ ನಿಮ್ಮ ನಾಣ್ಯಗಳು, ಆಗಷ್ಟೇ ಅಂಗಡಿಯಿಂದ ತಂದ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಉಜ್ಜಿದ ಹಳೇ ನಾಣ್ಯಕ್ಕೆ ಬೆಲೆಯಿಲ್ಲ, ನಾಣ್ಯ ಬಲ್ಲ ಯಾರೂ ಇನ್ನು ಅವನ್ನು ಕೈಯಲ್ಲಿ ಹಿಡಿಯುವುದಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಏನೂ ಬರಲಿಲ್ಲ. ಯಾಕವ್ವ ಎಂದಷ್ಟೇ ಕೇಳಿದೆ.

"ಅವ್ರು ಬೈತಾರೇನೋ ಅಂತ ಕಣವ್ವ," ಎಂದಳು ತಲೆ ಎತ್ತದೆ. "ಒಂದ್ ಉಜ್ಜಿ ಕಾದೆ. ಯಾರೂ ಬೈಲಿಲ್ಲ. ಇನ್ನೊಂದ್ ಉಜ್ದೆ."

ಉಳಿದಿದ್ದದ್ದು ಒಂದೇ, ಸಂತೆಯ ಆ ಮೊದಲನೆಯದು. ಹುಣಸೆಹಣ್ಣು ಮೆತ್ತಿದ ಬೆರಳು ಅದರ ಕಡೆ ಹೋಯಿತು. ಆಗ ನನ್ನ ಬಾಯಿಂದ ಹೇಗೆ ಬಂತೋ, ನಿಮ್ಮದೇ ದನಿಯಲ್ಲಿ ಕೂಗಿಬಿಟ್ಟೆ: "ಮುಟ್ಬ್ಯಾಡ ಕಣೇ. ಆ ಕಪ್ಪು ಬರಕ್ಕೆ ಎಷ್ಟ್ ಕಾಲ ಬೇಕಾಯ್ತು ಗೊತ್ತೇನೇ ನಿಂಗೆ?" ಹೆತ್ತವ್ವನಿಗೆ ಕಣೇ ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ತುಂಬ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ನನಗೆ ಆಗಲೂ ಅಳು ಬರಲಿಲ್ಲ, ಅಪ್ಪಾಜಿ. ಆದರೆ ಅವಳು ಕೊಟ್ಟ ಕಾಫಿಗೆ ಸಕ್ಕರೆ ಜಾಸ್ತಿಯಾಗಿದ್ದು ಗೊತ್ತಾಯಿತು.

ಮೇಷ್ಟ್ರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಾಣ್ಯಗಳು ಅವ್ವನ ಹತ್ತಿರವೇ ಇರಲಿ, ಬಿಟ್ಟರೆ ತಾವಾಗಿಯೇ ಕಪ್ಪಾಗುತ್ತವೆ ಎಂದರು.

ಉಜ್ಜದೆ ಉಳಿದ ಆ ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಹಾಕಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಅವ್ವನ ಕೈಗೆ ಸಿಗುವ ಹಾಗೆ ಇಟ್ಟು ಬಂದಿದ್ದೇನೆ. ಈ ಭಾನುವಾರ ನಾನು ಹೋಗುವ ಹೊತ್ತಿಗೆ ಅವಳು ಹುಣಸೆಹಣ್ಣು ನೆನೆಹಾಕಿಕೊಂಡು ಕಾದಿರುತ್ತಾಳೆ. ನಾನು ಬೈಯುತ್ತೇನೆ.

ನಿಮ್ಮ ಮಗಳು