ಎಮ್ಮೆಗೆ ಹಾಕಿದ ಪ್ರಸಾದ

೨೦ ಆಗಸ್ಟ್ ೨೦೨೪, ಮಂಗಳವಾರ. ಠಾಣಾ ಕುಶನೂರ.

ಎಮ್ಮೆ ಇನ್ನೂ ಮೆಲುಕು ಹಾಕಿಲ್ಲ.

ನಿನ್ನೆ ಶ್ರಾವಣ ಸೋಮವಾರದ ದಾಸೋಹದಲ್ಲಿ ಎರಡು ಬುಟ್ಟಿ ಅನ್ನ, ಹುಗ್ಗಿ ಉಳಿದಿತ್ತು. ಪ್ರಸಾದ ಚೆಲ್ಲಬಾರದೆಂದು ನಾನೇ ಹೊತ್ತು ತಂದು ಎಮ್ಮೆಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಹೊಟ್ಟೆ ಉಬ್ಬಿ ಮಲಗಿಬಿಟ್ಟಿತ್ತು.

ಔರಾದದಿಂದ ದನದ ಡಾಕ್ಟರ್ ಬಂದರು.

"ಅವ್ವಾರ, ಜ್ವಾಳದ ಕಣಕಿ ಮೇವು ಕರಗಸೋದು ಎಮ್ಮಿ ಅಲ್ಲರಿ, ಅದರ ಹೊಟ್ಯಾಗಿನ ಸಣ್ಣ ಜೀವಿಗೋಳು. ಅವು ಕಣಕಿಗಿ ಅಂಟಕೊಂಡು, ನಾರು ಕರಗಸೋ ಕಿಣ್ವದ ಗೊಂಚಲು ಹಚ್ಚಿ ಅದನ್ನ ಬಿಡಸ್ತಾವ. ಅನ್ನ ಹೊಟ್ಯಾಗ ಹುಳಿ ಆಗಿ, ಆ ಹುಳಿಗಿ ಎಲ್ಲಾ ಸತ್ತಾವ."

"ನಾ ಹಾಕಿದ್ದು ಪ್ರಸಾದರಿ."

"ಪ್ರಸಾದ ಅಂತ ಅವಕ್ಕೇನ ಗೊತ್ತಿರ್ತದರಿ?"

ನೆರೆಮನೆ ರುಕ್ಮಿಣಿಬಾಯಿಯ ಎಮ್ಮೆಯ ಹೊಟ್ಟೆಯಿಂದ ನಳಿಕೆ ಹಾಕಿ ರಸ ತೆಗೆದು ನಮ್ಮದಕ್ಕೆ ಕುಡಿಸಿದರು. ಅದರೊಳಗಿನ ಜೀವಿಗಳು ಇಲ್ಲಿ ಬೆಳೆದರೆ ಎಮ್ಮೆ ಉಳಿಯುತ್ತದೆ, ನಾಳೆಯ ತನಕ ನೋಡಬೇಕು ಎಂದು ಹೇಳಿ ಹೋದರು. ಮನೆಯವರು ಬೈಯಲಿಲ್ಲ. ನನಗೆ ಅಳುವೂ ಬರಲಿಲ್ಲ.

ಇರುವೆ ಕಂಡರೂ ದಾಟಿ ನಡೆಯುವವಳು ನಾನು.

ಸಂಜೆ ಲಿಂಗಪೂಜೆಗೆ ಕುಳಿತಾಗ ಎಮ್ಮೆಯನ್ನು ಉಳಿಸೆಂದು ಬೇಡಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ: "ರುಕ್ಮಿಣಿಬಾಯಿ ಎಮ್ಮಿ ಹೊಟ್ಯಾಗಿನ ಹುಳ ನಮ್ಮದಕ್ಕ ಹತ್ತಲಿ, ತಂದಿ." ಪೂಜೆ ಮುಗಿಸಿ ಎದ್ದು ಎಮ್ಮೆಯ ಹತ್ತಿರ ಹೋಗಿ ಕುಳಿತೆ.